ರೈಲಿಗೆ ಮುಖ ಮಾಡಿದ ಮನೆ

ನಮ್ಮ ಖಾನಾವಳಿಗೆ ಊಟಕ್ಕೆ ಬಂದವರೆಲ್ಲ ಬಚ್ಚಲ ಪಕ್ಕದಿಂದಲೇ ಒಳಗೆ ಬರಬೇಕು. ಸವದತ್ತಿಯಿಂದ ರಾಮದುರ್ಗಕ್ಕೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದರೆ ಎದುರಿಗೆ ಕಾಣುವುದು ನಮ್ಮ ಹಿತ್ತಲ ಗೋಡೆ, ಒಲೆಗೆಂದು ಒಟ್ಟಿದ ಹತ್ತಿಕಟಗಿ, ಹಗ್ಗದ ಮೇಲೆ ಒಣಹಾಕಿದ ನನ್ನ ಸೀರೆ. ಹೊಸಬರು ಅಲ್ಲೇ ನಿಂತುಬಿಡುತ್ತಾರೆ. ‘ಬರ್ರಿ ಬರ್ರಿ, ಇದ ದಾರಿ, ನಾಚಬ್ಯಾಡ್ರಿ’ ಎಂದು ನಾನು ಒಲೆಯ ಮುಂದಿನಿಂದಲೇ ಕೂಗಬೇಕು. ನಲವತ್ತು ವರ್ಷ ಹೀಗೆ ಕೂಗಿ ಕೂಗಿ ನನ್ನ ದನಿ ಗೊಗ್ಗರಾಗಿದೆ. ಮನೆಗೆ ಮುಂಬಾಗಿಲು ಇಲ್ಲವೆಂದಲ್ಲ. ಇದೆ. ತೇಗದ ಚೌಕಟ್ಟು, ದಪ್ಪ ಅಗಳಿ, ಎರಡೂ ಪಕ್ಕ ಕೂರಲು ಕಲ್ಲಿನ ಕಟ್ಟೆ. ಆದರೆ ಅದು ಹೊಲದ ಕಡೆಗಿದೆ. ಅಲ್ಲಿ ನಿಂತರೆ ಮಳೆಗಾಲದಲ್ಲಿ ಹೆಸರು, ಹಿಂಗಾರಿನಲ್ಲಿ ಜೋಳ ಕಾಣುತ್ತದೆ. ಆ ಬಾಗಿಲಿನಿಂದ ಇದುವರೆಗೆ ಒಬ್ಬ ಗಿರಾಕಿಯೂ ಬಂದಿಲ್ಲ. ಅದು ಅಪ್ಪ ರೈಲಿಗೆಂದು ಇಡಿಸಿದ ಬಾಗಿಲು.

ಅಪ್ಪ ಹರೆಯದವನಾಗಿದ್ದಾಗ ರೈಲು ದಾರಿ ಅಳೆಯುವ ತಂಡವೊಂದು ನಮ್ಮೂರಿನಲ್ಲಿ ಡೇರೆ ಹಾಕಿತ್ತಂತೆ. ಅವರಿಗೆ ರೊಟ್ಟಿ ಬಡಿಯಲು ನಮ್ಮಜ್ಜಿ ಹೋದಳು, ಅಳತೆಯ ಸರಪಳಿ ಹಿಡಿಯಲು ಅಪ್ಪ ಹೋದ. ಕೆಲಸ ಮುಗಿದ ದಿನ ಅವರ ಸಾಹೇಬ ಹೊಲದಂಚಿನ ಮಡ್ಡಿ ದಿಬ್ಬದಲ್ಲಿ ಒಂದು ಕಲ್ಲು ನೆಡಿಸಿದ. ಅದರ ಮೇಲೆ ಬಾಣದ ಗುರುತು, ಕೆಳಗೆ ಏನೋ ಅಂಕಿ. ತಗ್ಗು ತೋಡಿದವನು, ಕಲ್ಲು ಇಳಿಸಿದವನು ಅಪ್ಪನೇ. ಸಾಹೇಬ ಅವನ ಹೆಗಲು ತಟ್ಟಿ, ಇಲ್ಲೇ ಸ್ಟೇಷನ್ ಬರುತ್ತದೆ, ಎದುರಿಗೆ ಒಂದು ಖಾನಾವಳಿ ಹಾಕು, ಮುಂಬೈ ಮಂದಿ ಇಳಿದು ನಿಮ್ಮ ರೊಟ್ಟಿ ತಿನ್ನುತ್ತಾರೆ ಎಂದನಂತೆ. ಆ ಸಾಹೇಬ ಮರುದಿನವೇ ಮರೆತಿರಬೇಕು. ಅಪ್ಪ ಮರೆಯಲಿಲ್ಲ. ಆ ಕಲ್ಲಿನೆದುರು ಜಾಗ ಹಿಡಿದ, ಮನೆ ಕಟ್ಟಿದ, ಬಸ್ಸಿನ ರಸ್ತೆಗೆ ಬೆನ್ನು ಹಾಕಿ ಕಟ್ಟಿದ.

ಬೋರ್ಡಿನ ಕತೆಯೂ ಅಂಥದ್ದೇ. ಸವದತ್ತಿಯ ಪೇಂಟರನ ಹತ್ತಿರ ‘ಸ್ಟೇಷನ್ ಖಾನಾವಳಿ’ ಎಂದು ಬರೆಸಿದ. ಪೇಂಟರ್ ಕೇಳಿದ್ದ, ‘ಯಾವ ಸ್ಟೇಷನ್ನರಿ ಯಜಮಾನ್ರ?’ ‘ಬರೂದು’ ಎಂದಿದ್ದ ಅಪ್ಪ. ಅದನ್ನೂ ಹೊಲದ ಕಡೆಗೇ ತೂಗುಹಾಕಿಸಿದ. ಅವ್ವ ಹಣೆ ಚಚ್ಚಿಕೊಂಡು, ‘ಎಮ್ಮಿಗೋಳು ಓದ್ಕೊಂಡು ಊಟಕ್ಕ ಬರತಾವೇನು?’ ಎಂದು ಬೈದದ್ದು ನನಗೆ ಚೆನ್ನಾಗಿ ನೆನಪಿದೆ. ಅವ್ವ ಬದುಕಿದ್ದಷ್ಟು ದಿನ ಅವಳೇ ಹಿತ್ತಲ ಬಾಗಿಲಲ್ಲಿ ನಿಂತು ಜನರನ್ನು ಕರೆಯುತ್ತಿದ್ದಳು. ಅವಳು ಹೋದ ಮೇಲೆ ಆ ಕೆಲಸ ನನಗೆ ಬಂತು. ಆಗ ನಾನು ಮೆಟ್ರಿಕ್ ಮುಗಿಸಿದ್ದೆ ಅಷ್ಟೇ.

ನಾನೂ ಅವನನ್ನು ನಂಬಿದ್ದೆ, ಸುಳ್ಳೇಕೆ ಹೇಳಲಿ! ಸಂಜೆ ಕಟ್ಟೆಯ ಮೇಲೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಪ್ಪ ಕೈಮಾಡಿ ತೋರಿಸುತ್ತಿದ್ದ. ಅಗೋ ಅಲ್ಲಿ ಹಳಿ. ಇಲ್ಲಿ ಗಂಟೆ. ಆ ಬೇವಿನ ಗಿಡದ ಹತ್ತಿರ ನೀರಿನ ನಳ. ಮುಂಜಾನೆ ಒಂದು ಗಾಡಿ ಧಾರವಾಡದ ಕಡೆಗೆ, ಸಂಜೆ ಒಂದು ಗಾಡಿ ಬಾಗಲಕೋಟೆಯ ಕಡೆಗೆ. ಗಾಡಿ ನಿಂತ ಹತ್ತು ನಿಮಿಷದಲ್ಲಿ ನೂರು ಮಂದಿಗೆ ಊಟ ಬಡಿಸಬೇಕು, ಅದಕ್ಕೆ ಎಣಗಾಯಿ ಮೊದಲೇ ಎಲೆಯಲ್ಲಿ ಕಟ್ಟಿಡಬೇಕು ಎಂದು ಅದರ ಏರ್ಪಾಡನ್ನೂ ಹೇಳುತ್ತಿದ್ದ. ನಾನು ಕಣ್ಣರಳಿಸಿ ಕೇಳುತ್ತಿದ್ದೆ. ಮೊದಲ ಗಾಡಿ ಬಂದ ದಿನ ಉಡಲೆಂದು ರಾಮದುರ್ಗದ ನೇಕಾರರ ಮನೆಯಿಂದ ನನಗೊಂದು ಹಸಿರು ಸೀರೆ ತಂದಿದ್ದ. ಹಬ್ಬಕ್ಕೆ ಉಡುತ್ತೇನೆಂದರೂ ಬಿಡಲಿಲ್ಲ. ಅದು ಟ್ರಂಕಿನಲ್ಲೇ ಇದೆ. ಹೋದ ವರ್ಷ ಬಿಡಿಸಿ ನೋಡಿದರೆ ಮಡಿಕೆ ಮಡಿಕೆಗೂ ಹರಿದಿತ್ತು.

ನನ್ನ ಲಗ್ನವೂ ಆ ಗಾಡಿಗೇ ಕಾಯಿತು. ಬೈಲಹೊಂಗಲದ ಹತ್ತಿ ಮಿಲ್ಲಿನ ಗುಮಾಸ್ತನೊಬ್ಬನ ಮನೆಯವರು ಬಂದಿದ್ದರು. ಆಮೇಲೆ ಕಿತ್ತೂರಿನ ಸಾಲಿ ಮಾಸ್ತರ. ಆತ ನನ್ನನ್ನು ನೋಡಿ, ಏನು ಓದುತ್ತೀರಿ ಎಂದು ಕೇಳಿದ್ದ. ನನಗೆ ಯಾರೂ ಹಾಗೆ ಕೇಳಿರಲಿಲ್ಲ. ಅಪ್ಪ ಇಬ್ಬರಿಗೂ ಒಂದೇ ಉತ್ತರ ಕೊಟ್ಟ: ‘ಇನ್ನೊಂದೆರಡ ವರ್ಸ ತಡೀರಿ. ರೈಲ್ವೆ ನೌಕರಿ ಹುಡುಗೂರು ನಮ್ಮ ಮನ್ಯಾಗ ಊಟಕ್ಕ ಬರತಾರ. ಈ ಮನೀನೂ ಆಕೀನೂ ಬ್ಯಾರೆ ಆಗೂದಿಲ್ಲ.’ ಆ ಎರಡು ವರ್ಷ ಇನ್ನೂ ಮುಗಿದಿಲ್ಲ. ನನಗೀಗ ಅರವತ್ತಕ್ಕೆ ಮೂರು ಕಡಿಮೆ.

ಮುಂದಿನ ಕಾಲ ಬರಲೇ ಇಲ್ಲವೆಂದರೆ ತಪ್ಪಾಗುತ್ತದೆ. ಬಂತು, ನಮ್ಮ ಹಿತ್ತಲ ಕಡೆಯಿಂದ ಬಂತು. ಸ್ಟೇಷನ್ನಿನಲ್ಲಿ ಊರಿಗೊಂದೇ ಫೋನು ಇರುತ್ತದೆ, ಸ್ಟೇಷನ್ ಮಾಸ್ತರ ಅದರಲ್ಲಿ ಹುಬ್ಬಳ್ಳಿಗೆ ಮಾತಾಡುತ್ತಾನೆ ಎನ್ನುತ್ತಿದ್ದ ಅಪ್ಪ. ಈಗ ಸಾಲಹಳ್ಳಿಯಿಂದ ಕುರಿ ಮಾರಲು ಬರುವ ಮುದುಕನ ಜೇಬಿನಲ್ಲೂ ಫೋನಿದೆ. ಊಟಕ್ಕೆ ಕೂತವರು ಅದನ್ನೇ ನೋಡುತ್ತಾ ತಿನ್ನುತ್ತಾರೆ. ಬದನೆಕಾಯಿ ತಿಂದರೋ ಮಡಕೆಕಾಳು ತಿಂದರೋ ಅವರಿಗೇ ಗೊತ್ತಿರುವುದಿಲ್ಲ. ದೂರದೂರಿಗೆ ಹೋಗಲು ರೈಲೇ ಬೇಕು ಎನ್ನುತ್ತಿದ್ದ. ಈಗ ಮನೆಗೊಂದು ಮೋಟಾರುಸೈಕಲ್, ಗಂಟೆಗೊಂದು ಬಸ್ಸು. ರೈಲು ಬೇಕೆಂದು ಊರಿನಲ್ಲಿ ಬಾಯಿಬಿಟ್ಟು ಕೇಳುವವನು ಅಪ್ಪನೊಬ್ಬನೇ ಉಳಿದಿದ್ದ.

ಆ ಕಲ್ಲಿನ ವಿಷಯ ಹೇಳಬೇಕು, ಎಲ್ಲ ಅನಾಹುತವೂ ಅಲ್ಲೇ ಇರುವುದು.

ತಂಡ ಹೋದ ಕೆಲವು ವರ್ಷಕ್ಕೆ ಆ ಹೊಲದ ಒಡೆಯ, ನೇಗಿಲಿಗೆ ಅಡ್ಡವಾಗುತ್ತದೆಂದು ಕಲ್ಲನ್ನು ಕೀಳಲು ಹೊರಟ. ಕಲ್ಲು ಹೋದರೆ ಸ್ಟೇಷನ್ ಹೋಯಿತೆಂದು ಅಪ್ಪನಿಗೆ ಗಾಬರಿ. ಬೆಳಗಾಗುವುದರೊಳಗೆ ಹೋಗಿ ಕಲ್ಲಿಗೆ ಸುಣ್ಣ ಬಳಿದು, ಅರಿಶಿನದ ಭಂಡಾರ, ಕುಂಕುಮ ಹಚ್ಚಿ, ಕಾಯಿ ಒಡೆದು ಬಂದ. ಒಡೆಯ ಗುದ್ದಲಿ ಹಿಡಿದು ಬಂದವನು ನೋಡಿ, ಕೈಮುಗಿದು ವಾಪಸು ಹೋದ. ನಮ್ಮ ಕಡೆ ಕುಂಕುಮ ಹಚ್ಚಿದ ಕಲ್ಲನ್ನು ಯಾರು ಕೀಳುತ್ತಾರೆ? ಅಪ್ಪ ಮನೆಗೆ ಬಂದು ಅವ್ವನ ಮುಂದೆ ಬಿದ್ದುಬಿದ್ದು ನಕ್ಕ. ಆ ವರ್ಷ ಸೀಗಿ ಹುಣ್ಣಿಮೆಗೆ ಒಡೆಯನೇ ಕಲ್ಲಿಗೆ ಚರಗದ ಎಡೆ ಚೆಲ್ಲಿದ. ಆಮೇಲೆ ಯಾರದೋ ಎಮ್ಮೆ ಹಾಲು ಕೊಡಲಿಲ್ಲವೆಂದು ಹರಕೆ ಹೊತ್ತರು, ಎಮ್ಮೆ ಹಾಲು ಕೊಟ್ಟಿತು. ಮಡ್ಡಿಯಲ್ಲಿದ್ದಾಳೆಂದು ಮಡ್ಡೆವ್ವ ಎಂದು ಕರೆದರು. ಹೂಲಿಯ ಭಕ್ತರೊಬ್ಬರು ಕಟ್ಟೆ ಕಟ್ಟಿಸಿದರು, ಮೇಲೆ ಪತ್ರಾಸಿನ ಸೂರು ಬಂತು, ಯಾರೋ ಬೆಳ್ಳಿಯ ಕಣ್ಣು ಹಚ್ಚಿಸಿದರು. ಅಪ್ಪ ಬಾಯಿ ಬಿಡಲಿಲ್ಲ. ದೇವರಾದಷ್ಟೂ ಕಲ್ಲು ಭದ್ರ ಎಂದುಕೊಂಡ.

ಅಮಾವಾಸ್ಯೆಗೊಮ್ಮೆ ಅದನ್ನು ತೊಳೆಯುವ ಕೆಲಸ ನನ್ನದು. ಎಣ್ಣೆಯ ಜಿಡ್ಡು ಹೋಗುವಂತೆ ಹುಣಸೆಹಣ್ಣು, ಬೂದಿ ಹಾಕಿ ತೆಂಗಿನ ನಾರಿನಿಂದ ಉಜ್ಜು ಎನ್ನುತ್ತಿದ್ದ ಅಪ್ಪ. ಚಿಕ್ಕವಳಿದ್ದಾಗ ಉಜ್ಜುತ್ತಾ ಆ ಬಾಣದ ಗೀರಿನಲ್ಲಿ ಬೆರಳಾಡಿಸುವುದೆಂದರೆ ನನಗೆ ಖುಷಿ. ಹುಡುಗಿಯಾಗಿದ್ದಾಗಿನಿಂದ ಹೋದ ಅಮಾವಾಸ್ಯೆಯವರೆಗೆ ತಪ್ಪದೆ ಉಜ್ಜಿದ್ದೇನೆ. ದೊಡ್ಡವಳಾದ ಮೇಲೆ ಮಾತ್ರ ಗೀರು ಹುಡುಕುತ್ತಾ ಕೂರಲಿಲ್ಲ, ಗಡಿಬಿಡಿಯಲ್ಲಿ ಉಜ್ಜಿ, ಕುಂಕುಮ ಬಳಿದು ಒಲೆಗೆ ಓಡುತ್ತಿದ್ದೆ.

ಈ ವರ್ಷ ಅಳೆಯುವವರು ಮತ್ತೆ ಬಂದರು. ಸರಪಳಿಯಿಲ್ಲ, ಡೇರೆಯಿಲ್ಲ. ಮೂರು ಕಾಲಿನ ಮೇಲೊಂದು ಯಂತ್ರ, ತಲೆಯ ಮೇಲೆ ಗುಂಯ್ಗುಡುವ ಡ್ರೋನ್. ಅವರ ಮುಖ್ಯಸ್ಥೆ ಒಬ್ಬ ಹುಡುಗಿ, ಜೀನ್ಸ್ ಹಾಕಿಕೊಂಡು ತಲೆಗೆ ಟೋಪಿ ಇಟ್ಟುಕೊಂಡವಳು, ಮೈಸೂರಿನ ಕಡೆಯ ಮಾತು. ನಾಲ್ಕು ದಿನ ನಮ್ಮಲ್ಲೇ ಊಟ ಮಾಡಿದಳು. ಹಾಸಿಗೆ ಹಿಡಿದಿದ್ದ ಅಪ್ಪ ಎದ್ದು ಕೂತ. ಅವರ ಊಟ ಮುಗಿಯುವವರೆಗೆ ಬಾಗಿಲಲ್ಲೇ ಕೂತು ನೋಡುತ್ತಿದ್ದ. ಅವನ ಮುಖದಲ್ಲಿ ಅಂಥ ಕಳೆ ನಾನು ಯಾವತ್ತೂ ನೋಡಿರಲಿಲ್ಲ. ಈ ಮುದುಕ ಹೇಳಿದ್ದು ಖರೆಯಾಗುತ್ತದಲ್ಲ, ನನ್ನ ಕಳೆದುಹೋದ ವರ್ಷಗಳಿಗೆ ಒಂದು ಕಾರಣವಾದರೂ ಸಿಗುತ್ತದಲ್ಲ ಎಂದುಕೊಂಡೆ.

ಐದನೆಯ ದಿನ ಅವರು ನಮ್ಮ ಪಡಸಾಲೆಯ ಗೋಡೆಗೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದರು.

‘ಇದೇನಬೇ ತಂಗಿ?’ ಎಂದು ಕೇಳಿದೆ.

‘ಅಮ್ಮಾ, ಲೈನು ಇಲ್ಲೇ ಬರುತ್ತೆ. ನಿಮ್ಮ ಮನೆ ಪೂರ್ತಿ ಹೋಗುತ್ತೆ,’ ಎಂದಳು ಹುಡುಗಿ. ತಗ್ಗಿದ ದನಿಯಲ್ಲೇ ಹೇಳಿದಳು, ಅವಳಿಗೂ ಕಷ್ಟವಾಗಿತ್ತು. ‘ಹಳೇ ನಕ್ಷೆಯಲ್ಲಿ ನಿಮ್ಮೆದುರಿನ ಹೊಲದಲ್ಲಿತ್ತು. ಆದ್ರೆ ಅಲ್ಲಿ ದೇವರ ಕಟ್ಟೆ ಇದೆಯಲ್ಲ. ಊರವರು ಮುಟ್ಟೋಕೆ ಬಿಡಲ್ಲ. ಅದಕ್ಕೇ ಈ ಕಡೆ ಸರಿಸಿದೀವಿ.’

ನನಗೆ ಮೊದಲು ನಗು ಬಂತು. ಆಮೇಲೆ ಅವಳಿಗೆ ಅಡ್ಡ ಹೋಗಿ ನಿಂತೆ. ‘ಅಯ್ಯ ನನ ಶಿವನ! ಅದು ದೇವರಲ್ಲಬೇ! ಅದು ನಿಮ್ಮದ ಕಲ್ಲು! ನಿಮ್ಮಂಥಾವ್ರ ನೆಟ್ಟು ಹೋದ ಕಲ್ಲು!’

ಅವಳು ನಂಬಲಿಲ್ಲ, ಆದರೂ ಬಿಟ್ಟುಹಾಕಲಿಲ್ಲ. ‘ಹಾಗಿದ್ರೆ ಅದರ ಮೇಲೆ ಗುರುತು ಇರಬೇಕು. ಗುರುತು ತೋರಿಸಿ, ಇಲ್ಲಾ ಊರ ಹಿರಿಯರ ಕೈಲಿ ಬರೆಸಿಕೊಡಿ. ಹಳೇ ಲೈನೇ ಇರಲಿ ಅಂತ ನಾನು ಮೇಲಿನವರಿಗೆ ಹೇಳ್ತೀನಿ. ನಾಡಿದ್ದು ನಾವು ಹೊರಟುಬಿಡ್ತೀವಮ್ಮಾ, ಅಷ್ಟರೊಳಗೆ.’

ಪರಿಹಾರ ಬರುತ್ತದೆ ಎಂದು ಊಟಕ್ಕೆ ಬಂದವರು ಸಮಾಧಾನ ಹೇಳಿದರು. ಅವರ ಬಾಯಿಗೆ ಮಣ್ಣು ಹಾಕ! ಈ ಒಲೆ ಬಿಟ್ಟರೆ ನನಗೆ ಏನಿದೆ? ಗಂಡನಿಲ್ಲ, ಮಕ್ಕಳಿಲ್ಲ. ಮೊಣಕಾಲು ಹೋಗಿವೆ. ಒಲೆಯ ಮುಂದೆ ಕೂತರೆ ಏಳಲು ಗೋಡೆಯಲ್ಲಿ ಒಂದು ಕಬ್ಬಿಣದ ಬಳೆ ಹಾಕಿಸಿಕೊಂಡಿದ್ದೇನೆ, ಅದನ್ನು ಹಿಡಿದು ಏಳುತ್ತೇನೆ. ಹಾಸಿಗೆ ಹಿಡಿದ ಅಪ್ಪನನ್ನು ಕಟ್ಟಿಕೊಂಡು ಈ ವಯಸ್ಸಿನಲ್ಲಿ ಯಾವ ಬಸ್‌ಸ್ಟ್ಯಾಂಡಿನ ಮುಂದೆ ಹೋಗಿ ಹೊಸ ಒಲೆ ಹೂಡಲಿ?

ಮರುದಿನ ಮುಂಜಾನೆ ರೊಟ್ಟಿ ಬಡಿಯಲಿಲ್ಲ. ಒಂದು ಕೊಡ ಬಿಸಿನೀರು, ಹುಣಸೆ, ಬೂದಿ, ನಾರು ತೆಗೆದುಕೊಂಡು ಮಡ್ಡೆವ್ವನ ಹತ್ತಿರ ಹೋದೆ. ಬೆಳ್ಳಿಯ ಕಣ್ಣು ಕಿತ್ತು ಸೆರಗಿನಲ್ಲಿ ಕಟ್ಟಿಕೊಳ್ಳುವಾಗ, ಕಲ್ಲೆಂದು ಗೊತ್ತಿದ್ದೂ, ‘ತಪ್ಪಾತವ್ವಾ, ಹೊಟ್ಟ್ಯಾಗ ಹಾಕ್ಕೋ’ ಎಂದೆ. ಉಜ್ಜಿದೆ. ಕುಂಕುಮ ಹೋಯಿತು, ಭಂಡಾರ ಹೋಯಿತು, ತಿಂಗಳಿಡೀ ಹೆಪ್ಪುಗಟ್ಟಿದ ಎಣ್ಣೆಯ ಕಪ್ಪು ಚೂರುಚೂರಾಗಿ ಎದ್ದುಬಂತು. ಕೊನೆಗೆ ಕಲ್ಲಿನ ಮೈ ಕಂಡಿತು. ಬಾಣ ಇರುವಲ್ಲಿ ಬೆರಳಿಟ್ಟೆ.

ಏನೂ ಇರಲಿಲ್ಲ.

ಮೇಲೆ ನೋಡಿದೆ, ಕೆಳಗೆ ನೋಡಿದೆ, ಹಿಂದೆ ಹೋಗಿ ನೋಡಿದೆ. ನುಣ್ಣಗೆ, ಸಾಣೆಗಲ್ಲಿನ ಹಾಗೆ. ಒಂದು ಗೀರಿಲ್ಲ, ಒಂದು ಅಂಕಿಯಿಲ್ಲ. ಯಾರು ಅಳಿಸಿದರು ಎಂದು ಯಾರನ್ನು ಕೇಳಲಿ? ಅಷ್ಟು ಅಮಾವಾಸ್ಯೆ ನಾರು ಹಿಡಿದು ತಿಕ್ಕಿದ ಕೈ ನನ್ನದೇ. ನನ್ನ ಮನೆ ಉಳಿಸುವ ಗುರುತನ್ನು ತಿಂಗಳು ತಿಂಗಳೂ ನಾನೇ ಸವೆಸಿದ್ದೆ. ಕಟ್ಟೆಯ ಮೇಲೆ ಕುಸಿದು ಕೂತು ದೊಡ್ಡ ದನಿ ತೆಗೆದು ಅತ್ತೆ.

ಕಾಯಿ ಒಡೆಸಲು ಬಂದ ಇಬ್ಬರು ಹೆಂಗಸರು ಬೋಳು ಕಲ್ಲನ್ನೂ ನನ್ನ ಸೆರಗಿನ ಗಂಟಿನಿಂದ ಇಣುಕುತ್ತಿದ್ದ ಬೆಳ್ಳಿಯ ಕಣ್ಣನ್ನೂ ನೋಡಿ ಹೋ ಎಂದು ಕಿರುಚಿಕೊಂಡರು. ಮಧ್ಯಾಹ್ನದೊಳಗೆ ಅರ್ಧ ಊರು ಅಲ್ಲಿ ಸೇರಿತು. ಬೈದರು, ಒಬ್ಬಳು ಹೊಡೆಯಲು ಬಂದಳು. ನಾನು ಅಷ್ಟೂ ಕತೆ ಹೇಳಿದೆ, ಸರಪಳಿಯಿಂದ ಕುಂಕುಮದವರೆಗೆ. ಯಾರೋ ಹೋಗಿ ಹುಡುಗಿಯನ್ನೂ ಕರೆತಂದರು. ಕೊನೆಗೆ ಊರಿಗೆ ಹಿರಿಯರಾದ ಒಬ್ಬ ಗೌಡರು ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು.

‘ಈಕಿ ಅಪ್ಪ ಇನ್ನೂ ಜೀವಂತ ಅದಾನಲ್ಲ. ಅವನ್ನ ಕರ್ಕೊಂಡ ಬರ್ರಿ. ಕಲ್ಲು ಅಂದ್ರ ಕಲ್ಲು, ದೇವರು ಅಂದ್ರ ದೇವರು. ಅವ ಏನಂತಾನ ಅದನ್ನ ಬರದು ನಾ ಸಹಿ ಮಾಡತೇನಿ.’

ಇಬ್ಬರು ಗಂಡಸರು ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದರು. ನಾನು ಅವನ ಮೊಣಕಾಲು ಹಿಡಿದುಕೊಂಡೆ. ‘ಯಪ್ಪಾ, ಖರೇ ಹೇಳು. ಕಲ್ಲು ಇಟ್ಟಾಂವ ನೀನ ಹೌದಿಲ್ಲೋ? ಇಲ್ಲಂದ್ರ ಮನಿ ಹೋಗತೈತಿ. ಕಲ್ಲಂದ್ರ ಲೈನು ನೀ ತೋರಿಸಿದಲ್ಲೇ, ನಮ್ಮ ಬಾಗಲ ಮುಂದ ಹಾಯತೈತಿ. ನೀ ಬೇಡಿದ್ದೂ ಅದನ ಅಲ್ಲೇನು?’

ಅಪ್ಪ ನನ್ನನ್ನು ನೋಡಲಿಲ್ಲ. ಹುಡುಗಿಯನ್ನು ನೋಡಿದ. ‘ಸಾಹೇಬ್ರ, ಇದು ದೇವರಲ್ಲಂತ ಅಂದ್ರ, ಮತ್ತ ಅಳೀತೀರೇನು?’

‘ಹೌದು ಅಜ್ಜಾ. ಮತ್ತೆ ಅಳೆದು, ನಕ್ಷೆ ಮಾಡಿ ಕಳಿಸಬೇಕು. ಮೇಲಿಂದ ಒಪ್ಪಿಗೆ ಬರಬೇಕು.’

‘ಎಷ್ಟ ದಿನಾ ಹಿಡೀತೈತ್ರಿ?’

‘ಅದು ಹೇಳೋಕಾಗಲ್ಲ ಅಜ್ಜಾ.’

ಅಪ್ಪ ಬೋಳು ಕಲ್ಲನ್ನು ನೋಡಿದ. ತಾನೇ ತಗ್ಗು ತೋಡಿ ಇಳಿಸಿದ ಕಲ್ಲು. ಆಮೇಲೆ ಎರಡೂ ಕೈ ಎತ್ತಿ ಜೋಡಿಸಿದ.

‘ದೇವರ್ರಿ,’ ಎಂದ. ‘ನಮ್ಮಜ್ಜನ ಕಾಲದಿಂದ ಐತಿ.’

ಗೌಡರು ಬರೆಸಿದರು, ಸಹಿ ಹಾಕಿದರು. ಹೆಂಗಸರು ನನ್ನ ಸೆರಗಿನಿಂದ ಕಣ್ಣು ಬಿಚ್ಚಿಕೊಂಡು ಹೋಗಿ ಕಲ್ಲಿಗೆ ಹಚ್ಚಿದರು. ಹುಡುಗಿ ನನ್ನ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದಳು. ನಾನು ಖಾಲಿ ಕೊಡ ಎತ್ತಿಕೊಂಡು ಹೊಲದೊಳಗಿಂದ ಮನೆಗೆ ನಡೆದೆ. ಹಾಗೆ ಬಂದರೆ ಎದುರಾಗುವುದು ಮುಂಬಾಗಿಲೇ. ಬಣ್ಣ ಹಾರಿದ ಬೋರ್ಡು ಅಲ್ಲೇ ತೂಗುತ್ತಿತ್ತು. ಸ್ಟೇಷನ್ ಖಾನಾವಳಿ. ಕಾಲ ಬಳಿ ಬಿದ್ದಿದ್ದ ಸಣ್ಣ ಕಲ್ಲೊಂದನ್ನು ತೆಗೆದುಕೊಂಡು ಅದಕ್ಕೆ ಬೀಸಿದೆ. ತಾಗಲಿಲ್ಲ.

ಸಂಜೆಯ ಹೊತ್ತಿಗೆ ಅವರ ಆಳುಗಳು ಬಂದು ಸೀಮೆಸುಣ್ಣದ ಗೆರೆಯ ಮೇಲೆ ಕೆಂಪು ಬಣ್ಣ ಬಳಿದರು. ಗೋಡೆಗೆ ಒಂದು, ಒಲೆಯ ಹಿಂದೆ ಒಂದು, ಬಾಗಿಲ ಪಕ್ಕದ ಕಟ್ಟೆಯ ಮೇಲೆ ನಂಬರಿನ ಜೊತೆ ಇನ್ನೊಂದು. ಅವರು ಹೋದ ಮೇಲೆ ಅಪ್ಪ ತನ್ನ ಹಗ್ಗದ ಹೊರಸನ್ನು ಮುಂಬಾಗಿಲಿಗೆ ಹಾಕಿಸಿಕೊಂಡ. ಕೇಳಬಾರದೆಂದುಕೊಂಡಿದ್ದೆ, ಆದರೆ ಬಾಯಿ ತಡೆಯಲಿಲ್ಲ.

‘ಯಾಕಪಾ ಹಂಗ ಅಂದಿ? ನಾ ನಿನಗ ಏನ್ ಮಾಡಿದ್ದೆ?’

‘ಮತ್ತ ಅಳೀತೇವಿ ಅಂತ ಹೋದಾವ್ರು ಎಂದಾದ್ರೂ ತಿರುಗಿ ಬಂದಾರೇನ ಯವ್ವಾ?’ ಎಂದ. ‘ಹಿಂದಿನಾವ್ರೂ ಹಿಂಗ ಅಂದ ಹ್ವಾದ್ರು. ನನಗಿನ್ನ ಅಷ್ಟ ಟೈಮ್ ಇಲ್ಲ.’

‘ನನಗ?’

ಅವನು ಹೊಲದ ಕಡೆ ನೋಡುತ್ತಿದ್ದ, ಅದೇ ಕಳೆ ಮುಖದಲ್ಲಿ. ನನಗೆ ಅವನ ಮೇಲೆ ಎಂಥ ಸಿಟ್ಟು ಬಂತೆಂದರೆ ಹೊರಸಿನ ಸಮೇತ ಎತ್ತಿ ಆ ಹೊಲಕ್ಕೆ ಎಸೆಯಬೇಕೆನಿಸಿತು. ಅದೇ ಹೊತ್ತಿಗೆ, ಬೆನ್ನಿಗೆ ಗಾಳಿ ತಾಗುತ್ತದೆಂದು ಕಂಬಳಿ ಹೊದಿಸಿದವಳೂ ನಾನೇ.

‘ನಾಳಿಂದ ಹಿಟ್ಟು ಹೆಚ್ಚ ಬೀಸಿಸು,’ ಎಂದ. ‘ಗಾಡಿ ಬಂದ್ರ ಈ ರೊಟ್ಟಿ ಎಲ್ಲಿ ಸಾಲತಾವ! ಮಂದಿ ಇಳಿತಾರ.’

‘ಇಳದ ಮಂದೀನ ಎಲ್ಲಿ ಕುಂದರಸಲೆಪಾ?’

ಅಪ್ಪ ತಿರುಗಿ ಒಳಗೆ ನೋಡಿದ. ಪಡಸಾಲೆ, ಒಲೆ, ಗೋಡೆಯ ಬಳೆ, ಅದರ ಮೇಲಿನ ಕೆಂಪು ಗೆರೆ. ಮೊದಲ ಸಲ ನೋಡುವವನಂತೆ ಒಂದೊಂದನ್ನೇ ನೋಡಿದ. ಆಮೇಲೆ ಕೈಚಾಚಿ ಬಾಗಿಲ ಪಕ್ಕದ ಕಟ್ಟೆಯ ಮೇಲೆ ಅಂಗೈ ಊರಿದ.

‘ಇಲ್ಲೇ,’ ಎಂದ.

ಬಣ್ಣ ಇನ್ನೂ ಹಸಿಯಾಗಿತ್ತು. ಕೈ ಎತ್ತಿದಾಗ ಅಂಗೈಯೆಲ್ಲ ಕೆಂಪು. ಅದನ್ನು ಹತ್ತಿರ ಹಿಡಿದು ನೋಡಿದ. ಮಡ್ಡೆವ್ವನ ಕುಂಕುಮ ಎಂದುಕೊಂಡನೋ ಏನೋ, ಕಣ್ಣಿಗೊತ್ತಿಕೊಂಡು ಹಣೆಗೆ ಹಚ್ಚಿಕೊಂಡ. ನಾನು ಓಡಿಹೋಗಿ ಸೆರಗಿನಿಂದ ಒರೆಸಿದೆ. ಬಿಸಿನೀರು ತಂದು, ನಾರು ತಂದು ಮೆಲ್ಲಗೆ ಉಜ್ಜಿದೆ. ಅದು ಹೋಗಲಿಲ್ಲ.